ತುಕ್ಕು ಹಿಡಿದ ರೆಕಾರ್ಡ್ 05 ಕೀಸುಳಿಯ ರಿಪೇರಿ: ದಿನಚರಿ, ಖರ್ಚು, ತಪ್ಪುಗಳು

ಮೇ ಕೊನೆಯಲ್ಲಿ ಊರಿಗೆ ಹೋಗಿದ್ದೆ. ಸಿದ್ದಾಪುರದ ಹತ್ತಿರದ ಸಣ್ಣ ಹಳ್ಳಿ. ನಮ್ಮ ಮನೆಯ ಬಾಗಿಲು, ಮಂಚ, ಅಜ್ಜಿಯ ಈಳಿಗೆಮಣೆ ಎಲ್ಲ ಅಲ್ಲಿನ ಆಚಾರ್ರ ಕೈಯಲ್ಲೇ ಆದದ್ದು. ಅವರು ತೀರಿಕೊಂಡು ಆರು ವರ್ಷವಾಯಿತು. ಮಗ ಈಗ ಕರೆಂಟಿನ ಪ್ಲೇನರ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಹಳೇ ಸಾಮಾನು ಏನಾದರೂ ಇದೆಯಾ ಅಂತ ಕೇಳಿದೆ. ಕೊಟ್ಟಿಗೆಯ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ ಕೊಟ್ಟರು. ದುಡ್ಡಿನ ಮಾತೆತ್ತಿದ್ದಕ್ಕೆ, "ತಗೊಂಡು ಹೋಗು ಮಾರಾಯಾ, ಇಲ್ಲೇ ಇದ್ರೆ ಗುಜರಿಗೇ ಹೋಗೋದು" ಅಂದರು.

ಚೀಲದಲ್ಲಿ ನಾಲ್ಕು ಉಳಿ, ಒಂದು ಬಾಚಿ, ಹಲ್ಲು ಉದುರಿದ ಗರಗಸ, ಮತ್ತೆ ಮರವನ್ನು ತೆಳುವಾಗಿ ಕೀಸಿ ನುಣುಪು ಮಾಡುವ ಕಬ್ಬಿಣದ ಒಂದು ಕೀಸುಳಿ ಇದ್ದವು. ಮೈಸೂರು ಕಡೆ ಇದನ್ನು ಉಜ್ಜುಗೊರಡು ಅನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ರಂದಾ ಅಂದರೆ ಬೇಗ ಅರ್ಥವಾಗುತ್ತದೆ. ನಾನು ಊರಿನ ಮಾತನ್ನೇ ಇಟ್ಟುಕೊಳ್ಳುತ್ತೇನೆ.

ನನ್ನ ಕೆಲಸದ ಜಾಗ ಮೈಸೂರಿನ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. 8 ಅಡಿಗೆ 10 ಅಡಿಯ ಶೀಟಿನ ಶೆಡ್. ಭಾನುವಾರ ಮಾತ್ರ ಬಿಡುವು. ಕೆಳಗಿನದ್ದೆಲ್ಲ ನೋಟ್‌ಬುಕ್ಕಿನಲ್ಲಿ ಆಯಾ ದಿನ ಬರೆದುಕೊಂಡದ್ದು, ಸ್ವಲ್ಪ ತಿದ್ದಿದ್ದೇನೆ.

ಜೂನ್ 8, 2025: ಏನಿದೆ, ಏನಿಲ್ಲ

ಉದ್ದ 14 ಇಂಚು. ಬ್ಲೇಡಿನ ಅಗಲ 2 ಇಂಚು, ದಪ್ಪ ಸುಮಾರು 2 ಮಿ.ಮೀ. ಮೈಯೆಲ್ಲ ಕಂದು ತುಕ್ಕು. ಮೂಲೆಗಳಲ್ಲಿ ಮಾತ್ರ ನೀಲಿ ಬಣ್ಣದ ಚೂರು ಕಾಣುತ್ತಿತ್ತು. ಅದನ್ನು ನೋಡಿಯೇ ರೆಕಾರ್ಡ್ ಕಂಪನಿಯದ್ದು ಇರಬೇಕು ಅನ್ನಿಸಿತು. ತಂತಿ ಬ್ರಷ್ಷಿನಲ್ಲಿ ಸ್ವಲ್ಪ ಉಜ್ಜಿದೆ. ಎರಕದಲ್ಲೇ 05 ಅಂತ ಮೂಡಿತ್ತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾಗುತ್ತಿದ್ದ ಕೀಸುಳಿ ಇದು. ಅಮೆರಿಕದ ಸ್ಟ್ಯಾನ್ಲಿ ಕಂಪನಿಯವರ 5ನೇ ನಂಬರಿಗೆ ಸಮನಾದದ್ದು, ರೆಕಾರ್ಡಿನವರು ನಂಬರಿನ ಮುಂದೆ ಸೊನ್ನೆ ಹಾಕುತ್ತಿದ್ದರು. ಆಚಾರ್ರು ಇದನ್ನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು ಅಂತ ಮಗ ಹೇಳಿದ ನೆನಪು.

ಇಲ್ಲದ್ದು: ಮುಂದಿನ ಗುಂಡು ಹಿಡಿ, ಹಿಂದಿನ ಹಿಡಿಯ ಹಿತ್ತಾಳೆ ನಟ್. ಹಿಂದಿನ ಹಿಡಿ ಮೂರು ತುಂಡಾಗಿ, ಒಂದು ತುಂಡು ಕಾಣೆ. ಬ್ಲೇಡಿನ ಬಾಯಿ ಎಡಗಡೆ 1.5 ಮಿ.ಮೀ. ಮುಕ್ಕಾಗಿದೆ. ಎರಕದಲ್ಲಿ ಎಲ್ಲೂ ಬಿರುಕಿಲ್ಲ. ಇದನ್ನು ಮೊದಲು ನೋಡಬೇಕು, ಯಾಕೆಂದರೆ ತಳದಲ್ಲಿ ಬ್ಲೇಡ್ ಹೊರಬರುವ ಬಾಯಿಯ ಅಕ್ಕಪಕ್ಕ ಬಿರುಕು ಬಿಟ್ಟಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಬಂತು.

ಬಲಗಡೆ ಪಕ್ಕದಲ್ಲಿ ಚುಕ್ಕಿ ಚುಕ್ಕಿ ಹೊಡೆದು ಬರೆದ ಎರಡು ಅಕ್ಷರ ಇವೆ, ಆಚಾರ್ರ ಗುರುತು. ಆ ಪಕ್ಕವನ್ನು ಎಮರಿ ಕಾಗದದಲ್ಲಿ ಉಜ್ಜಬಾರದು ಅಂತ ಅವತ್ತೇ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಟ್ಟೆ.

ಜೂನ್ 15: ಬಿಚ್ಚುವುದು

ಎಲ್ಲವನ್ನೂ ಮೇಲಿನಿಂದ ಒತ್ತಿ ಹಿಡಿಯುವ ಲಿವರ್ ಕ್ಯಾಪ್, ಬ್ಲೇಡ್, ಬ್ಲೇಡಿನ ಮೇಲೆ ಕೂರುವ ಕ್ಯಾಪ್ ಐರನ್ ಸುಲಭವಾಗಿ ಬಂದವು. ಬ್ಲೇಡ್ ಒರಗುವ ಇಳಿಜಾರು ತುಂಡಿಗೆ ಫ್ರಾಗ್ ಅಂತ ಹೆಸರು. ಅದನ್ನು ಹಿಡಿದಿರುವ ಎರಡು ಸ್ಕ್ರೂ ಅಲುಗಲೇ ಇಲ್ಲ. ಕೈಗೆ ಸಿಕ್ಕ ಸ್ಕ್ರೂಡ್ರೈವರಿನಿಂದ ಬಲವಾಗಿ ತಿರುಗಿಸಿದೆ, ಜಾರಿತು, ಒಂದು ಸ್ಕ್ರೂವಿನ ತಲೆಯ ಗೆರೆ ಕಿತ್ತುಹೋಯಿತು. ಅದು ಈಗಲೂ ಹಾಗೇ ಇದೆ.

ಆಮೇಲೆ ಮಾಡಿದ್ದು ಸರಿಯಾದ ಕೆಲಸ. ಒಂದು ಹಳೇ ದಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಅರದಿಂದ ತಿಕ್ಕಿ, ಗೆರೆಯೊಳಗೆ ಅಲುಗಾಡದೆ ಕೂರುವ ಹಾಗೆ ಮಾಡಿದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಮೂರು ದಿನ ಬಿಟ್ಟೆ, ದಿನಾ ಸಂಜೆ ಸ್ಕ್ರೂವಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು. ಬುಧವಾರ ರಾತ್ರಿ ಎರಡೂ ಬಂದವು. ಮೊದಲೇ ಸ್ಕ್ರೂಡ್ರೈವರ್ ತಿಕ್ಕಿಕೊಂಡಿದ್ದರೆ ಗೆರೆ ಉಳಿಯುತ್ತಿತ್ತು.

ಇನ್ನೊಂದು: ಬ್ಲೇಡನ್ನು ಮೇಲೆ ಕೆಳಗೆ ಮಾಡುವ ಹಿತ್ತಾಳೆ ಚಕ್ರದ ಥ್ರೆಡ್ ಉಲ್ಟಾ. ಅದು ಗೊತ್ತಿಲ್ಲದೆ ನಾನು ಬಿಚ್ಚುತ್ತಿದ್ದೇನೆ ಅಂದುಕೊಂಡು ಇಕ್ಕಳ ಹಾಕಿ ಬಿಗಿ ಮಾಡುತ್ತಿದ್ದೆ. ಚಕ್ರದ ಅಂಚಿನಲ್ಲಿ ಇಕ್ಕಳದ ಎರಡು ಗಾಯ ಉಳಿದಿದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಹೊರಗೆ ಬರುತ್ತದೆ.

ಹಿತ್ತಾಳೆಗೆ ಹುಣಸೆಹಣ್ಣು ಮತ್ತು ಉಪ್ಪು. ದೇವರ ದೀಪ ತೊಳೆಯುವ ಹಾಗೇ ಅಮ್ಮ ಉಜ್ಜಿಕೊಟ್ಟರು. ಐದೇ ನಿಮಿಷ.

ಜೂನ್ 21ರಿಂದ 23: ವಿನೆಗರ್

ಶನಿವಾರ ರಾತ್ರಿ 8 ಗಂಟೆಗೆ ಬ್ಲೇಡ್, ಕ್ಯಾಪ್ ಐರನ್, ಲಿವರ್ ಕ್ಯಾಪ್, ಸ್ಕ್ರೂಗಳನ್ನು ಅಡುಗೆಯ ಬಿಳಿ ವಿನೆಗರಿನಲ್ಲಿ ಮುಳುಗಿಸಿದೆ. ಬೆಳಿಗ್ಗೆ ತೆಗೆಯುವುದು ಅಂತ ಲೆಕ್ಕ, 12 ಗಂಟೆ ಸಾಕು. ಭಾನುವಾರ ಬೆಳಗಿನ ಜಾವ ಬೆಂಗಳೂರಿಗೆ ಹೋಗಬೇಕಾಯಿತು. ಡಬ್ಬಿ ನೆನಪಾದದ್ದು ಬಸ್ಸು ಮಂಡ್ಯ ದಾಟಿದ ಮೇಲೆ. ವಾಪಸ್ ಬಂದದ್ದು ಸೋಮವಾರ ಸಂಜೆ 6ಕ್ಕೆ. ಒಟ್ಟು 46 ಗಂಟೆ.

ತುಕ್ಕು ಪೂರ್ತಿ ಹೋಗಿತ್ತು. ಜೊತೆಗೆ ಕಬ್ಬಿಣವೂ ತಿಂದುಹೋಗಿತ್ತು. ಬ್ಲೇಡಿನ ಬೆನ್ನಿನಲ್ಲಿ ಮೊದಲೇ ಇದ್ದ ಸಣ್ಣ ಗುಳಿಗಳು ಆಳವಾಗಿದ್ದವು, ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿ ದೊರಗಾಗಿತ್ತು. ಬ್ಲೇಡಿನ ಮೇಲೆ ಶೆಫೀಲ್ಡ್ ಅನ್ನುವ ಅಕ್ಷರ ಮೊದಲು ಮಸುಕಾಗಿಯಾದರೂ ಓದಲು ಬರುತ್ತಿತ್ತು, ಈಗ ಅರ್ಧ ಮಾತ್ರ ಇದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ತೊಳೆದು, ಹೇರ್ ಡ್ರೈಯರಿನಲ್ಲಿ ಒಣಗಿಸಿ ಎಣ್ಣೆ ಹಚ್ಚಿದೆ. ಮಳೆಗಾಲದಲ್ಲಿ ತೊಳೆದ ಕಬ್ಬಿಣ ಹತ್ತು ನಿಮಿಷಕ್ಕೆ ಮತ್ತೆ ಕೆಂಪಾಗುತ್ತದೆ. ಒಣಗಿಸುವ ಸಾಮಾನು ಮೊದಲೇ ಪಕ್ಕದಲ್ಲಿ ಇರಬೇಕು.

ವಿನೆಗರಿನಲ್ಲಿ ಹಾಕಿದ ದಿನ ಮನೆ ಬಿಟ್ಟು ಹೋಗಬಾರದು. ಹೋಗಲೇಬೇಕಾದರೆ ತುಕ್ಕು ಹೋಗದಿದ್ದರೂ ಪರವಾಗಿಲ್ಲ, ತೆಗೆದು ಎಣ್ಣೆ ಹಚ್ಚಿ ಹೋಗಬೇಕು.

ಜೂನ್ 29: ಮೈಗೆ ಕರೆಂಟಿನ ಸ್ನಾನ

ಇಷ್ಟಾದ ಮೇಲೆ ಕೀಸುಳಿಯ ಮೈಯನ್ನು ಹುಳಿಯಲ್ಲಿ ಹಾಕುವ ಧೈರ್ಯ ಬರಲಿಲ್ಲ. ಕರೆಂಟಿನಲ್ಲಿ ತುಕ್ಕು ತೆಗೆಯುವ ವಿಧಾನದಲ್ಲಿ ಕಬ್ಬಿಣ ತಿಂದುಹೋಗುವುದಿಲ್ಲ.

ಉದ್ದನೆ ಪ್ಲಾಸ್ಟಿಕ್ ಟಬ್, 20 ಲೀಟರ್ ನೀರು, 5 ದೊಡ್ಡ ಚಮಚ ವಾಷಿಂಗ್ ಸೋಡಾ. ಪಕ್ಕದ ಗ್ಯಾರೇಜಿನಿಂದ ಹಳೇ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರ್ ಕೇಳಿ ತಂದೆ. ಹೊಸ ಆಟೊಮ್ಯಾಟಿಕ್ ಚಾರ್ಜರುಗಳು ಬ್ಯಾಟರಿ ಕಾಣದಿದ್ದರೆ ಶುರುವೇ ಆಗುವುದಿಲ್ಲ. ಕಪ್ಪು ಕ್ಲಿಪ್, ಅಂದರೆ ನೆಗೆಟಿವ್, ಕೀಸುಳಿಗೆ. ಕೆಂಪು ಕ್ಲಿಪ್ ಸುತ್ತಲೂ ನಿಲ್ಲಿಸಿದ ಮೂರು ತುಂಡು ಸೆಂಟ್ರಿಂಗ್ ಕಂಬಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಕಂಬಿಯ ಬದಲು ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಬಳಸಲೇಬಾರದು, ಅದರಲ್ಲಿರುವ ಕ್ರೋಮಿಯಂ ನೀರಿಗೆ ವಿಷವಾಗಿ ಇಳಿಯುತ್ತದೆ. ಹೈಡ್ರೋಜನ್ ಗುಳ್ಳೆ ಏಳುತ್ತದೆ, ಆದ್ದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಚಾರ್ಜರ್ ಆಫ್ ಮಾಡದೆ ಕೈ ಹಾಕಬೇಡಿ.

8 ಗಂಟೆ ಬಿಟ್ಟೆ. ನೀರು ಕೆಂಪು ಕೆಸರಾಯಿತು. ಕೀಸುಳಿಯ ಮೇಲಿನ ತುಕ್ಕು ಕಪ್ಪು ಮಸಿಯಾಗಿ, ಪಾತ್ರೆ ಉಜ್ಜುವ ನಾರಿನಿಂದಲೇ ಹೋಯಿತು. ಉಳಿದಿದ್ದ ನೀಲಿ ಬಣ್ಣವೂ ಎದ್ದುಬಂತು. ಆಚಾರ್ರ ಅಕ್ಷರಗಳು ಮಾತ್ರ ಚುಕ್ಕಿ ಚುಕ್ಕಿಯಾಗಿ ಸ್ಪಷ್ಟವಾಗಿ ಕಂಡವು. ಆ ರಾತ್ರಿ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮಂಚದ ಪಕ್ಕದಲ್ಲೇ ಇಟ್ಟುಕೊಂಡೆ.

ವಾರದ ಮಧ್ಯೆ ಒಳಭಾಗಕ್ಕೆ ಮಾತ್ರ ನೀಲಿ ಎನಾಮಲ್ ಎರಡು ಕೋಟ್. ಫ್ರಾಗ್ ಕೂರುವ ಜಾಗಕ್ಕೆ ಟೇಪ್ ಅಂಟಿಸಿದ್ದೆ. ಅಲ್ಲಿ ಬಣ್ಣ ಕೂತರೆ ಫ್ರಾಗ್ ಸರಿಯಾಗಿ ಕೂರುವುದಿಲ್ಲ.

ಜುಲೈ 6 ಮತ್ತು 13: ತಳ ಮಟ್ಟ ಮಾಡುವುದು

ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಗ್ರಾನೈಟ್ ತುಂಡು ಇತ್ತು, 2 ಅಡಿ ಉದ್ದ. ಸ್ಟೀಲ್ ಸ್ಕೇಲಿನ ಅಂಚು ನಿಲ್ಲಿಸಿ ನೋಡಿದರೆ ಸಾಕಷ್ಟು ಮಟ್ಟವಾಗಿತ್ತು. ಅದರ ಮೇಲೆ 80 ನಂಬರಿನ ಎಮರಿ ಕಾಗದ ಅಂಟಿಸಿದೆ. ತಳಕ್ಕೆ ಮಾರ್ಕರ್ ಪೆನ್ನಿನಿಂದ ಅಡ್ಡಗೆರೆ ಎಳೆದು ಉಜ್ಜಿದರೆ, ಗೆರೆ ಎಲ್ಲಿ ಅಳಿಸುತ್ತದೋ ಅಲ್ಲಿ ಉಬ್ಬು, ಎಲ್ಲಿ ಉಳಿಯುತ್ತದೋ ಅಲ್ಲಿ ತಗ್ಗು.

ಮೊದಲ ಭಾನುವಾರ ಎರಡೂವರೆ ಗಂಟೆ ಉಜ್ಜಿದೆ. ಎಲ್ಲ ಗೆರೆ ಅಳಿಸಿತು. ಖುಷಿಯಿಂದ ಫ್ರಾಗ್, ಬ್ಲೇಡ್, ಲಿವರ್ ಕ್ಯಾಪ್ ಹಾಕಿ ಬಿಗಿ ಮಾಡಿ ಮತ್ತೆ ಸ್ಕೇಲ್ ಇಟ್ಟು ನೋಡಿದರೆ, ಬಾಯಿಯ ಹಿಂದೆ ಸಂದು ಅಳೆಯುವ ತೆಳು ತಗಡು, 0.15 ಮಿ.ಮೀ. ಫೀಲರ್ ಗೇಜ್, ಆರಾಮಾಗಿ ಒಳಗೆ ಹೋಯಿತು. ಎರಕದ ಮೈ ಗಟ್ಟಿ ಅಂತ ಕಂಡರೂ ಬಿಗಿ ಮಾಡಿದಾಗ ಒಂದಿಷ್ಟು ಬಾಗುತ್ತದೆ. ಖಾಲಿ ಮೈಯನ್ನು ಮಟ್ಟ ಮಾಡಿದ್ದೆ. ಕೆಲಸ ಮಾಡುವಾಗ ಇರುವ ಮೈ ಬೇರೆ.

ಎರಡನೇ ಭಾನುವಾರ ಎಲ್ಲ ಭಾಗ ಹಾಕಿ, ಕೆಲಸಕ್ಕೆ ಬಿಗಿ ಮಾಡುವಷ್ಟೇ ಬಿಗಿ ಮಾಡಿ, ಬ್ಲೇಡನ್ನು ಮಾತ್ರ ಒಳಗೆ ಎಳೆದುಕೊಂಡು ಉಜ್ಜಿದೆ. ಎಷ್ಟು ಒಳಗೆ ಅಂದರೆ ಬಾಯಿಯಿಂದ 2 ಮಿ.ಮೀ. ಮೇಲೆ, ಇಲ್ಲದಿದ್ದರೆ ಕಾಗದ ಹರಿಯುತ್ತದೆ. 80, ಆಮೇಲೆ 120, ಕೊನೆಗೆ 220. ಅಷ್ಟೇ ಸಾಕು. ಮುಂತುದಿ, ಬಾಯಿಯ ಮುಂದಿನ ಅಂಚು, ಹಿಂತುದಿ ಈ ಮೂರು ಜಾಗ ಒಂದೇ ಮಟ್ಟದಲ್ಲಿದ್ದರೆ ಕೀಸುಳಿ ಕೆಲಸ ಮಾಡುತ್ತದೆ. ನಡುವೆ ಸಣ್ಣ ತಗ್ಗು ಉಳಿದರೆ ತೊಂದರೆಯಿಲ್ಲ. ಕೊನೆಗೆ 0.05ರ ಗೇಜ್ ಎಲ್ಲೂ ಹೋಗಲಿಲ್ಲ.

ಕಬ್ಬಿಣದ ಪುಡಿ ತೆಗೆಯಲು ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಾಗದದ ಮೇಲೆ ಆಡಿಸಿ. ಕವರ್ ತಿರುಗಿಸಿ ಎಳೆದರೆ ಪುಡಿಯೆಲ್ಲ ಒಳಗೆ ಬಂದುಬಿಡುತ್ತದೆ. ಕಾಗದ ಎರಡರಷ್ಟು ಹೊತ್ತು ಬಾಳಿಕೆ ಬರುತ್ತದೆ.

ಜುಲೈ 20: ಹದ ಹೋದ ದಿನ

ಇಡೀ ಕೆಲಸದಲ್ಲಿ ದೊಡ್ಡ ತಪ್ಪು ಇದು. ಬ್ಲೇಡಿನ ಬಾಯಿಯ ಮುಕ್ಕು ತೆಗೆಯಬೇಕಿತ್ತು. 1.5 ಮಿ.ಮೀ. ಕೈಯಲ್ಲಿ ಮಸೆಯಲು ಹೊತ್ತು ಹಿಡಿಯುತ್ತದೆ ಅಂತ ಗೆಳೆಯರ ಮನೆಯಿಂದ 6 ಇಂಚಿನ ಬೆಂಚ್ ಗ್ರೈಂಡರ್ ತಂದೆ. ಎರಡು ಸೆಕೆಂಡ್ ತಾಗಿಸುವುದು, ನೀರಿಗೆ ಅದ್ದುವುದು, ಮತ್ತೆ ತಾಗಿಸುವುದು. ಮುಕ್ಕು ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇಳಿಜಾರನ್ನು ಚೆಂದ ಮಾಡೋಣ ಅಂತ ಇನ್ನೊಮ್ಮೆ ಒತ್ತಿದೆ, ಎರಡು ಸೆಕೆಂಡಿನ ಬದಲು ಆರೇಳು ಸೆಕೆಂಡ್ ಆಗಿರಬೇಕು. ಬಲ ಮೂಲೆಯಲ್ಲಿ ಹೊಂಬಣ್ಣ ಬಂತು, ಕಣ್ಣೆದುರಿಗೇ ನೇರಳೆಯಾಯಿತು, ನೀಲಿಯಾಯಿತು. ನೀರಿಗೆ ಅದ್ದುವಷ್ಟರಲ್ಲಿ ಮುಗಿದಿತ್ತು.

ನೀಲಿ ಅಂದರೆ ಉಕ್ಕು ಸುಮಾರು 300 ಡಿಗ್ರಿ ಮುಟ್ಟಿದೆ ಅಂತ. ಅಷ್ಟಕ್ಕೆ ಹದ ಇಳಿಯುತ್ತದೆ, ಆಮೇಲೆ ನೀರಿಗೆ ಅದ್ದಿದರೂ ಗಡಸು ವಾಪಸ್ ಬರುವುದಿಲ್ಲ. ಪರೀಕ್ಷೆಗೆ ಹೊಸ ಅರವನ್ನು ಮೆಲ್ಲಗೆ ಎಳೆದು ನೋಡಿದೆ. ಎಡ ಮೂಲೆಯಲ್ಲಿ ಜಾರಿತು, ಬಲ ಮೂಲೆಯಲ್ಲಿ ಕಚ್ಚಿತು. ನೀಲಿ 3.5 ಮಿ.ಮೀ. ಒಳಗಿನವರೆಗೆ ಹೋಗಿತ್ತು.

ಅವತ್ತು ಬೇರೇನೂ ಮಾಡಲಿಲ್ಲ. ಆಚಾರ್ರು ಈ ಬ್ಲೇಡನ್ನು ನಲವತ್ತು ವರ್ಷಕ್ಕಿಂತ ಜಾಸ್ತಿ ಸಾಣೆಕಲ್ಲಿನ ಮೇಲೆ ಮಾತ್ರ ಮಸೆದಿದ್ದರು. ಅದಕ್ಕೇ ಅದು ಇಷ್ಟು ಉಳಿದಿತ್ತು.

ಜುಲೈ 27: ಕೈಯಲ್ಲಿ

ಗ್ರೈಂಡರ್ ವಾಪಸ್ ಕೊಟ್ಟೆ. ಮಸೆಯುವಾಗ ಕೋನ ತಪ್ಪದ ಹಾಗೆ ಪಕ್ಕದಿಂದ ಬ್ಲೇಡನ್ನು ಹಿಡಿಯುವ ಚಿಕ್ಕ ಹೋನಿಂಗ್ ಗೈಡ್ ತರಿಸಿದ್ದೆ. ಬ್ಲೇಡ್ ಅದರಿಂದ 50 ಮಿ.ಮೀ. ಮುಂದೆ ಚಾಚಿದರೆ 25 ಡಿಗ್ರಿ, 38 ಮಿ.ಮೀ. ಚಾಚಿದರೆ 30 ಡಿಗ್ರಿ. ಒಂದು ಮರದ ತುಂಡಿಗೆ ಈ ಎರಡು ಅಳತೆಯ ಪಟ್ಟಿ ಹೊಡೆದಿಟ್ಟುಕೊಂಡಿದ್ದೇನೆ, ಪ್ರತಿ ಸಲ ಸ್ಕೇಲ್ ಬೇಡ.

ಗ್ರಾನೈಟಿನ ಮೇಲೆ 80 ನಂಬರ್ ಕಾಗದ, 25 ಡಿಗ್ರಿಯಲ್ಲಿ ಉಜ್ಜಿದ್ದು ಮೂರು ಗಂಟೆ ಇಪ್ಪತ್ತು ನಿಮಿಷ. ಆರು ಹಾಳೆ ಮುಗಿದವು. ಬ್ಲೇಡಿನ ಸೀಳಿನಿಂದ ಬಾಯಿಯವರೆಗೆ ಮೊದಲು 34 ಮಿ.ಮೀ. ಇತ್ತು, ಈಗ 29. ನನ್ನ ಕಾಲಕ್ಕೆ ಬೇಕಾದಷ್ಟಿದೆ. ಇಷ್ಟು ಹಿಂದೆ ಸರಿದದ್ದರಿಂದ, ವಿನೆಗರ್ ಮಾಡಿದ್ದ ಆಳದ ಗುಳಿಗಳೂ ಹೋದವು, ಹೊಸ ಬಾಯಿಯ ಹತ್ತಿರ ಬೆನ್ನು ಶುದ್ಧವಾಗಿ ಸಿಕ್ಕಿತು.

25 ಡಿಗ್ರಿ ಬಂತೋ ಇಲ್ಲವೋ ಅಂತ ನೋಡಲು ಕೋನಮಾಪಕ ಬೇಕಿಲ್ಲ. 2 ಮಿ.ಮೀ. ದಪ್ಪದ ಬ್ಲೇಡಿನಲ್ಲಿ ಇಳಿಜಾರಿನ ಉದ್ದ 4.7 ಮಿ.ಮೀ. ಇರಬೇಕು. ನನ್ನದು 4.8 ಬಂತು.

ಆಮೇಲೆ 400 ಮತ್ತು 1000 ನಂಬರಿನ ಡೈಮಂಡ್ ಪ್ಲೇಟ್. ಬೆನ್ನಿನಲ್ಲಿ ಬಾಯಿಯ ಹತ್ತಿರದ 12 ಮಿ.ಮೀ. ಮಾತ್ರ ಕನ್ನಡಿ ಮಾಡಿದೆ. ಉಳಿದದ್ದಕ್ಕೆ ಹೊಳಪು ಯಾಕೆ? ಮರ ಮುಟ್ಟುವುದು ಆ ತುದಿ ಮಾತ್ರ. ಕೊನೆಗೆ 30 ಡಿಗ್ರಿಯಲ್ಲಿ ಹತ್ತು ಹದಿನೈದು ಎಳೆತ. ಬೆನ್ನಿನ ಕಡೆ ಬೆರಳಿಗೆ ಸಣ್ಣ ಮಡಿಕೆ ತಾಗುವವರೆಗೆ ಮಸೆದು, ಹಳೇ ಬೆಲ್ಟಿನ ಚರ್ಮದ ಮೇಲೆ ಅದನ್ನು ತೆಗೆದೆ. ಮುಂಗೈಯ ಕೂದಲು ಹೋಯಿತು.

ಆಗಸ್ಟ್ 3, 10, 17: ಮೂರು ವಾರ, ಒಂದು ಸಂದು

ಕೂದಲು ತೆಗೆಯುವಷ್ಟು ಹರಿತ, ತಳ ಮಟ್ಟ. ಹಿಡಿ ಇನ್ನೂ ಆಗಿರಲಿಲ್ಲ, ಆದರೂ ತಾಳ್ಮೆ ಇರಲಿಲ್ಲ. ಮೈಯನ್ನೇ ಹಿಡಿದು ತೇಗದ ತುಂಡಿನ ಮೇಲೆ ದೂಡಿದೆ. ಎರಡು ಇಂಚು ಸುರುಳಿ ಬಂತು, ನಿಂತಿತು. ಬಾಯಿಯಲ್ಲಿ ಹೊಟ್ಟು ಕಟ್ಟಿಕೊಂಡಿತ್ತು. ಬಿಚ್ಚಿ, ತೆಗೆದು, ಮತ್ತೆ ದೂಡಿದರೆ ಮತ್ತೆ ಅದೇ.

ತಳದ ಬಾಯಿ ಚಿಕ್ಕದಾಗಿದೆ ಅಂದುಕೊಂಡೆ. ಫ್ರಾಗನ್ನು ಹಿಂದೆ ಸರಿಸಿದೆ. ಕಟ್ಟುವುದು ಕಡಿಮೆಯಾಯಿತು, ಆದರೆ ಬ್ಲೇಡ್ ನಡುಗತೊಡಗಿತು, ಮರದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗುರುತು. ಮುಂದಿನ ವಾರ ಬ್ಲೇಡನ್ನು ಇನ್ನೊಮ್ಮೆ ಮಸೆದೆ, ಫ್ರಾಗಿನ ಮುಖ ಉಜ್ಜಿದೆ, ಲಿವರ್ ಕ್ಯಾಪ್ ಬಿಗಿ ಮಾಡಿ ನೋಡಿದೆ, ಸಡಿಲ ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ.

17ರ ಸಂಜೆ ಬ್ಲೇಡ್ ಮತ್ತು ಕ್ಯಾಪ್ ಐರನ್ನನ್ನು ಜೋಡಿಸಿಟ್ಟು, ಸುಮ್ನೆ ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದೆ. ಎರಡರ ನಡುವೆ ಬಲಗಡೆಯಿಂದ ಮುಕ್ಕಾಲು ಇಂಚಿನಷ್ಟು ಉದ್ದಕ್ಕೆ ಬೆಳಕಿನ ಗೆರೆ. ಕೂದಲೆಳೆಯಷ್ಟು ಸಂದು. ಅದರೊಳಗೆ ಸುರುಳಿಯ ತುದಿ ನುಗ್ಗುತ್ತದೆ, ಅಲ್ಲಿ ಸಿಕ್ಕಿಕೊಂಡ ಮೇಲೆ ಹಿಂದಿನಿಂದ ಬರುವುದೆಲ್ಲ ಗುಡ್ಡೆಯಾಗುತ್ತದೆ. ವಿನೆಗರಿನಲ್ಲಿ 46 ಗಂಟೆ ಬಿದ್ದಿದ್ದ ಕ್ಯಾಪ್ ಐರನ್ನಿನ ಅಂಚನ್ನೂ ಅದು ತಿಂದಿತ್ತು. ನಾನು ಅದಕ್ಕೆ ಎಮರಿ ಕಾಗದ ತೋರಿಸಿ ಹೊಳಪು ಕೊಟ್ಟಿದ್ದೆ, ಅಂಚನ್ನು ನೋಡಿರಲೇ ಇಲ್ಲ.

ಸರಿ ಮಾಡುವುದು ಹೀಗೆ. ಕ್ಯಾಪ್ ಐರನ್ನಿನ ಮುಂದಿನ ಅಂಚಿನ ಕೆಳಗನ್ನು 400 ಪ್ಲೇಟಿನ ಮೇಲೆ ಇಟ್ಟು, ಅದರ ಬಾಲವನ್ನು ಪ್ಲೇಟಿಗಿಂತ ಸ್ವಲ್ಪ ತಗ್ಗಿನಲ್ಲಿ ಹಿಡಿದು ಉಜ್ಜಬೇಕು. ಆಗ ಅಂಚಿನ ತುತ್ತತುದಿ ಮಾತ್ರ ಬ್ಲೇಡನ್ನು ಮುಟ್ಟುತ್ತದೆ, ಹಿಂದೆ ಸಣ್ಣ ಟೊಳ್ಳು ಉಳಿಯುತ್ತದೆ. ನಾನು ಬಾಲವನ್ನು ಗ್ರಾನೈಟಿನ ಅಂಚಿನಿಂದ ಕೆಳಗೆ ಇಳಿಬಿಟ್ಟೆ. ಇಪ್ಪತ್ತು ನಿಮಿಷದ ಕೆಲಸ. ಮತ್ತೆ ಬೆಳಕಿಗೆ ಹಿಡಿದರೆ ಪೂರ್ತಿ ಕಪ್ಪು. ಬ್ಲೇಡಿನ ಬಾಯಿಯಿಂದ ಅರ್ಧ ಮಿ.ಮೀ. ಹಿಂದೆ ಕ್ಯಾಪ್ ಐರನ್ ಕೂರಿಸಿ ದೂಡಿದೆ.

ಸುರುಳಿ ತುಂಡಿನ ಈ ತುದಿಯಿಂದ ಆ ತುದಿಯವರೆಗೆ ಬಂತು. ಎರಡನೆಯದೂ ಬಂತು. ವರ್ನಿಯರಿನಲ್ಲಿ ಅಳೆದರೆ ಸುರುಳಿಯ ದಪ್ಪ 0.08 ಮಿ.ಮೀ. ಅಮ್ಮನನ್ನು ಕರೆದು ತೋರಿಸಿದೆ.

ಎಲ್ಲ ಲೆಕ್ಕ ಹಾಕಿದರೆ ತುಕ್ಕಿಗೆ, ಬಣ್ಣಕ್ಕೆ, ಹೊಳಪಿಗೆ ಇಪ್ಪತ್ತು ಗಂಟೆಗಿಂತ ಜಾಸ್ತಿ ಹೋಗಿದೆ. ಕೀಸುಳಿಯನ್ನು ನಿಜವಾಗಿ ಕೀಸುವ ಹಾಗೆ ಮಾಡಿದ್ದು ಇಪ್ಪತ್ತು ನಿಮಿಷ, ಒಂದು ಮಿಲಿಮೀಟರಿನಷ್ಟು ಅಂಚು. ಹಳೇ ಕೀಸುಳಿ ತಂದವರು ಬೇರೆಲ್ಲ ಬಿಟ್ಟು ಮೊದಲು ಈ ಎರಡನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ.

ಆಗಸ್ಟ್ 24ರಿಂದ ಸೆಪ್ಟೆಂಬರ್ 14: ಹಿಡಿಗಳು

ಹಿಂದಿನ ಹಿಡಿಯ ಉಳಿದ ತುಂಡುಗಳನ್ನು ಟೇಪ್ ಹಾಕಿ ಜೋಡಿಸಿ, ರಟ್ಟಿನ ಮೇಲೆ ಆಕಾರ ಬರೆದುಕೊಂಡೆ. ಮರ ಮನೆಯಲ್ಲೇ ಇತ್ತು, ಅಜ್ಜನ ಮಂಚದ ಮುರಿದ ಕಾಲು, ಬೀಟೆ. ನಾರು ತಳಕ್ಕೆ ಸಮನಾಗಿ ಓಡುವ ಹಾಗೆ ಕೊಯ್ದುಕೊಳ್ಳಬೇಕು. ನಿಲುವಾಗಿ ಓಡಿದರೆ ಹಿಡಿಯ ಮೇಲಿನ ಕೊಂಬು ಮುರಿದುಹೋಗುತ್ತದೆ.

ಮೊದಲ ಹಿಡಿ ಹಾಳಾಯಿತು. ಆಕಾರ ಕೊಟ್ಟ ಮೇಲೆ ಬೋಲ್ಟಿನ ತೂತು ಕೊರೆಯಲು ಹೋದೆ. 6 ಮಿ.ಮೀ. ಉದ್ದನೆ ಬಿಟ್ 70 ಮಿ.ಮೀ. ಒಳಗೆ ಹೋಗುವಷ್ಟರಲ್ಲಿ ಪಕ್ಕದಿಂದ ಹೊರಗೆ ಬಂತು. ಬೀಟೆಯಂಥ ಮರವನ್ನು ಹೀಗೆ ಕಳೆದದ್ದು ಬೇಜಾರಿನ ಸಂಗತಿ, ಆ ಮರ ಈಗ ಸುಲಭಕ್ಕೆ ಸಿಗುವುದಲ್ಲ. ಎರಡನೆಯದಕ್ಕೆ ಮರ ಚೌಕವಾಗಿರುವಾಗಲೇ, ಎರಡೂ ಪಕ್ಕದಲ್ಲಿ ಗೆರೆ ಎಳೆದು, ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಕೊರೆದೆ. ಒಳಗೆ 1 ಮಿ.ಮೀ. ತಪ್ಪಿತು, 8 ಮಿ.ಮೀ. ಬಿಟ್ ಹಾಕಿ ಸರಿ ಮಾಡಿದೆ. ತೂತು ಆದಮೇಲೆ ಆಕಾರ. ಮರದ ಅರ, ಆಮೇಲೆ ಗಾಜಿನ ಚೂರಿನಿಂದ ಹೆರೆದದ್ದು, ಕೊನೆಗೆ 220 ಕಾಗದ.

ಹಳೇ ಹಿಡಿಯಲ್ಲಿ ಹೆಬ್ಬೆರಳು ಕೂರುವ ಕಡೆ ಆಚಾರ್ರ ಕೈ ಸವೆಸಿದ ಒಂದು ತಗ್ಗು ಇತ್ತು. ಹೊಸದರಲ್ಲಿ ಅದನ್ನು ಕೆತ್ತಲಿಲ್ಲ. ಹಳೇ ತುಂಡುಗಳನ್ನು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಕುದಿಸಿದ ಅಗಸೆ ಎಣ್ಣೆ ಮೂರು ಕೋಟ್, ದಿನಕ್ಕೊಂದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹಗ್ಗದ ಮೇಲೆ ಒಣಗಿಸಿ.

ಮುಂದಿನ ಗುಂಡು ಹಿಡಿಗೆ ನನ್ನಲ್ಲಿ ಲೇಥ್ ಇಲ್ಲ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿದೆ. ಗೊಂಬೆ ಮಾಡುವ ಒಬ್ಬರು ಹಾಲೆ ಮರದಲ್ಲಿ ಹತ್ತೇ ನಿಮಿಷದಲ್ಲಿ ಕಡೆದುಕೊಟ್ಟರು. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಯಾವ ಬಣ್ಣ ಅಂತ ಕೇಳಿದರು, ಕಂದು ಅಂದೆ. ಬೋಲ್ಟನ್ನೇ ಜೊತೆಗೆ ಒಯ್ದಿದ್ದೆ, ಅದರಿಂದ ತೂತು ಸರಿಯಾಗಿ ಬಂತು. ನಟ್ ಕೂರುವ ಅಗಲದ ಗುಂಡಿಯ ಆಳ ಹೇಳುವುದು ಮರೆತೆ, ಮನೆಯಲ್ಲಿ ಉಳಿಯಿಂದ ಕೊರೆಯಬೇಕಾಯಿತು.

ಕಾಣೆಯಾಗಿದ್ದ ಹಿತ್ತಾಳೆ ನಟ್ಟಿಗೆ ಅಂಗಡಿಯ ಎಂ6 (6 ಮಿ.ಮೀ. ಮೆಟ್ರಿಕ್) ನಟ್ ಹೊಂದಲಿಲ್ಲ. ಹಳೇ ಇಂಗ್ಲಿಷ್ ಥ್ರೆಡ್. ಬಲವಂತ ಮಾಡಿದರೆ ಬೋಲ್ಟೂ ಹಾಳು. ಲೇಥ್ ಅಂಗಡಿಯವರು ಬೋಲ್ಟ್ ನೋಡಿ ಹೊಸದು ಮಾಡಿಕೊಟ್ಟರು.

ಖರ್ಚು

ವಿನೆಗರ್ 135, ಸೋಡಾಗಳು 70. ಎಮರಿ ಕಾಗದ 26 ಹಾಳೆ, 520. ಡೈಮಂಡ್ ಪ್ಲೇಟ್ 950, ಹೋನಿಂಗ್ ಗೈಡ್ 380. ಇವೆರಡು ಮುಂದೆ ಎಲ್ಲ ಉಳಿಗಳಿಗೂ ಬರುತ್ತವೆ. ಬಣ್ಣ, ಬ್ರಷ್ 160. ಅಗಸೆ ಎಣ್ಣೆ 180. ಸ್ಪ್ರೇ ಮತ್ತು ಹೊಲಿಗೆ ಯಂತ್ರದ ಎಣ್ಣೆ 260. ಗುಂಡು ಹಿಡಿ 200, ಹಿತ್ತಾಳೆ ನಟ್ 250, ಉದ್ದನೆ ಬಿಟ್ 140. ಒಟ್ಟು 3,245 ರೂಪಾಯಿ. ಗಂಟೆ ಸುಮಾರು 61. ಗ್ರೈಂಡರಿನ ತಪ್ಪು ಇಲ್ಲದಿದ್ದರೆ, ಮೊದಲ ಸಲ ಖಾಲಿ ಮೈ ಉಜ್ಜದಿದ್ದರೆ ಇನ್ನೂ ಬೇಗ ಮುಗಿಯುತ್ತಿತ್ತು.

ಸೆಪ್ಟೆಂಬರ್ 21: ಊರಿನಲ್ಲಿ

ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋದಾಗ ಕೀಸುಳಿ ಒಯ್ದಿದ್ದೆ. ಆಚಾರ್ರ ಮಗ ಮೊದಲು ಪಕ್ಕ ತಿರುಗಿಸಿ ಅಕ್ಷರ ನೋಡಿದರು. ಬೆರಳಿಟ್ಟು ನೋಡಿದರು. ಆಮೇಲೆ ಹಲಸಿನ ಹಲಗೆಯೊಂದನ್ನು ತಂದಿಟ್ಟರು.

ಹಲಸಿನ ನಾರು ಒಂದು ಕಡೆ ಹೀಗೆ, ಪಕ್ಕದಲ್ಲೇ ಹಾಗೆ. ನಾನು ದೂಡಿದಾಗ ಅಲ್ಲಲ್ಲಿ ನಾರು ಕಿತ್ತುಬಂತು. "ಅಪ್ಪ ಹಲಸಿಗೆ ಇನ್ನೂ ಹತ್ತಿರ ಇಡ್ತಿದ್ರು ಅಣ್ಣಾ" ಅಂತ ಅವರ ಕೆಲಸದ ಹುಡುಗನಿಗೆ ಹೇಳುವ ಹಾಗೆ ನನಗೇ ಹೇಳಿದರು. ಬಿಚ್ಚಿ, ಕ್ಯಾಪ್ ಐರನ್ನನ್ನು ಬ್ಲೇಡಿನ ಬಾಯಿಯಿಂದ 0.3 ಮಿ.ಮೀ.ಗೆ ತಂದರು. ಅಳತೆ ಅವರದ್ದಲ್ಲ, ಆಮೇಲೆ ನಾನು ನೋಡಿದ್ದು, ಅವರು ಉಗುರಿನಲ್ಲೇ ಮಾಡಿದರು. ತಳಕ್ಕೆ ಮೇಣದಬತ್ತಿಯಲ್ಲಿ ಒಂದು ಗೆರೆ ಎಳೆದರು. ಕೀಸುಳಿಯನ್ನು ಸ್ವಲ್ಪ ಓರೆಯಾಗಿ ಹಿಡಿದು ದೂಡಿದರು. ಹಲಗೆ ನುಣುಪಾಯಿತು, ಹಳದಿ ಬಣ್ಣ ಎದ್ದು ಕಂಡಿತು.

ಆಚಾರ್ರು ಒಂದು ತಗಡಿನ ಡಬ್ಬಿಯಲ್ಲಿ ಎಣ್ಣೆ ಬಟ್ಟೆ ಇಟ್ಟುಕೊಂಡು, ಊಟಕ್ಕೆ ಏಳುವ ಮೊದಲು ಕೀಸುಳಿ ಒರೆಸುತ್ತಿದ್ದರಂತೆ. ನಾನೂ ಒಂದು ಡಬ್ಬಿ ಮಾಡಿಕೊಂಡೆ. ಹೊಲಿಗೆ ಯಂತ್ರದ ಎಣ್ಣೆ ಹಾಕಿದ್ದೇನೆ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದರೆ ಕಮಟು ವಾಸನೆ. ಸಾಮಾನಿನ ಪೆಟ್ಟಿಗೆಯಲ್ಲಿ ಎರಡು ತುಂಡು ಕರ್ಪೂರ ಇಟ್ಟಿದ್ದೇನೆ.

ಅಕ್ಟೋಬರ್ 1: ಆಯುಧಪೂಜೆ

ಕೀಸುಳಿ, ನಾಲ್ಕು ಉಳಿ, ಬಾಚಿ, ಗರಗಸ ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದೆ. ಕೀಸುಳಿಗೆ ಅರಿಶಿನ ಕುಂಕುಮ ಹಚ್ಚಿದ್ದು ಮರದ ಹಿಡಿಗೆ ಮಾತ್ರ. ನೀರಿನಲ್ಲಿ ಕಲಸಿದ ಕುಂಕುಮ ಕಬ್ಬಿಣದ ಮೇಲೆ ರಾತ್ರಿಯೆಲ್ಲ ಉಳಿದರೆ ಅಷ್ಟಗಲ ತುಕ್ಕು ಏಳುತ್ತದೆ. ಹೂವನ್ನೂ ಹಿಡಿಗೇ ಸುತ್ತಿದೆ. ಒಡೆದ ಕುಂಬಳಕಾಯಿಯನ್ನು ಶೆಡ್ಡಿನ ಹೊರಗಿಟ್ಟೆ.

ಇವತ್ತು ಸಾಮಾನು ಮುಟ್ಟುವ ಹಾಗಿಲ್ಲ. ನಾಳೆ ಬೆಳಿಗ್ಗೆ ಒರೆಸಿ ಎಣ್ಣೆ ಹಚ್ಚಿ, ಒಂದೂವರೆ ಇಂಚಿನ ಉಳಿ ಕೈಗೆತ್ತಿಕೊಳ್ಳಬೇಕು. ಅದರ ಬೆನ್ನಿನಲ್ಲೂ ಗುಳಿಗಳಿವೆ. ವಿನೆಗರಿಗೆ ಹಾಕುವುದಿಲ್ಲ, ಚಾರ್ಜರನ್ನು ಕೇಳಿ ತಂದಿಟ್ಟಿದ್ದೇನೆ.